ಸಿ.ಐ.ಡಿ. 999 ಗೂಢಚಾರನೋ, ಪೊಲೀಸನೋ?

ಕೆರೆಯಂಗಳ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಜೇಡರ ಬಲೆ’ ಚಿತ್ರವನ್ನು ಬಹಳ ವರ್ಷಗಳ ನಂತರ ನೋಡಿದೆ. ಹುಡುಗನಿಗೆ ಹತ್ತೊಂಬತ್ತು ವರ್ಷ. 1962ರ ‘ಡಾಕ್ಟರ್ ನೋ’ದಿಂದ 2021ರ ‘ನೋ ಟೈಮ್ ಟು ಡೈ’ವರೆಗೆ ಜೇಮ್ಸ್ ಬಾಂಡ್‌ನ ಇಪ್ಪತ್ತೈದು ಚಿತ್ರಗಳನ್ನೂ ಕ್ರಮವಾಗಿ ನೋಡಿ ಮುಗಿಸಿದವನು. ರಾಜಕುಮಾರ್ ಅವರು ಕೋಟು ತೊಟ್ಟು, ಕೈಯಲ್ಲಿ ಪಿಸ್ತೂಲು ಹಿಡಿದು ಬಂದಾಗ ನಕ್ಕುಬಿಡುತ್ತಾನೆಂದು ನಾನು ಅಂದುಕೊಂಡಿದ್ದೆ. ಅವನು ನಗಲಿಲ್ಲ. ಅರ್ಧ ಗಂಟೆ ಸುಮ್ಮನೆ ನೋಡಿ, “ಮಾಮ, ಇವರು ಗೂಢಚಾರರೋ ಪೊಲೀಸರೋ? ಬಾಂಡ್ ಬೇರೆ ದೇಶಗಳಿಗೆ ಹೋಗಿ ಶತ್ರುಗಳನ್ನು ಹುಡುಕುತ್ತಾನೆ. ಇವರು ಕಳ್ಳರನ್ನು ಹಿಡಿಯುತ್ತಿದ್ದಾರೆ. ಹಾಗಿದ್ದ ಮೇಲೆ ಇವರನ್ನು ಕನ್ನಡದ ಬಾಂಡ್ ಎಂದು ಏಕೆ ಕರೆಯುತ್ತಾರೆ?” ಎಂದು ಕೇಳಿದ.

ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ನಿರ್ದೇಶಕ ಜೋಡಿ ದೊರೈ–ಭಗವಾನ್ ಅವರು ಸಿ.ಐ.ಡಿ. 999 ಎಂಬ ಈ ಪಾತ್ರವನ್ನಿಟ್ಟುಕೊಂಡು 1968ರಲ್ಲಿ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಮತ್ತೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಮಾಡಿದರು ಎಂಬಷ್ಟು ಮಾತ್ರ ಗೊತ್ತು. 999 ಎಂಬುದು 007ರ ನಕಲು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಹುಡುಗನ ಪ್ರಶ್ನೆ ಅಷ್ಟಕ್ಕೆ ತೃಪ್ತಿಯಾಗುವಂಥದ್ದಲ್ಲ. ಈ ಚಿತ್ರಗಳನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.


ಹಳೆಯ ರೀಲು:

ಕೆರೆಯಂಗಳ ಅವರೇ, ನಿಮ್ಮ ಅಕ್ಕನ ಮಗ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾನೆ. ಬಾಂಡ್‌ನಿಗೂ 999ಕ್ಕೂ ಇರುವ ವ್ಯತ್ಯಾಸ ನಾಯಕನಿಗಿಂತ ಹೆಚ್ಚಾಗಿ ಅವರಿಬ್ಬರಿಗೆ ಸಂಬಳ ಕೊಡುವ ಇಲಾಖೆಯಲ್ಲಿದೆ.

ಇಯಾನ್ ಫ್ಲೆಮಿಂಗ್ ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ನೌಕಾಪಡೆಯ ಬೇಹುಗಾರಿಕೆ ವಿಭಾಗದಲ್ಲಿ ಕೆಲಸ ಮಾಡಿದವರು. ಅವರು 1953ರಲ್ಲಿ ಬಾಂಡ್‌ನ ಮೊದಲ ಕಾದಂಬರಿ ಪ್ರಕಟಿಸಿದಾಗ ಅವರ ದೇಶಕ್ಕೆ ವಿದೇಶೀ ಬೇಹುಗಾರಿಕೆಗೆಂದೇ ಒಂದು ಸಂಸ್ಥೆ ದಶಕಗಳಿಂದ ಇತ್ತು. ಎಂಐ6 ಎಂದು ಕರೆಯಲಾಗುವ ಆ ಸಂಸ್ಥೆಗೆ ಕಾನೂನಿನ ಮನ್ನಣೆ ಸಿಕ್ಕಿದ್ದು 1994ರಲ್ಲಾದರೂ, ಅಂಥದ್ದೊಂದು ಇದೆಯೆಂಬುದು ಓದುಗರಿಗೆಲ್ಲ ಗೊತ್ತಿದ್ದ ಗುಟ್ಟು. ನಮ್ಮಲ್ಲಿ ಏನಿತ್ತು? ವಿದೇಶೀ ಬೇಹುಗಾರಿಕೆಗೆಂದೇ ‘ರಾ’ ಸಂಸ್ಥೆ ಆರ್.ಎನ್. ಕಾವ್ ಅವರ ನೇತೃತ್ವದಲ್ಲಿ ಹುಟ್ಟಿದ್ದು 1968ರ ಸೆಪ್ಟೆಂಬರ್‌ನಲ್ಲಿ. ಅಂದರೆ ನಮ್ಮ 999 ತೆರೆಗೆ ಬಂದ ವರ್ಷವೇ ನಮ್ಮ ದೇಶದ ಗೂಢಚಾರ ಸಂಸ್ಥೆಯೂ ಕಣ್ಣು ಬಿಟ್ಟಿತು. ಅದಕ್ಕೆ ಮೊದಲು ಆ ಕೆಲಸವನ್ನೂ ಗುಪ್ತಚರ ದಳವೇ ನೋಡಿಕೊಳ್ಳುತ್ತಿತ್ತು. ಅದರ ಹೆಸರು ಸಿನಿಮಾ ನೋಡುವ ಸಾಮಾನ್ಯ ಜನರ ಬಾಯಲ್ಲಿ ಇರಲಿಲ್ಲ.

ಜನರ ಬಾಯಲ್ಲಿದ್ದ ಹೆಸರು ಸಿ.ಐ.ಡಿ. ಬ್ರಿಟಿಷರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಟ್ಟಿದ, ಪ್ರಾಂತ್ಯಗಳ ಪೊಲೀಸ್ ಇಲಾಖೆಗೆ ಸೇರಿದ ಅಪರಾಧ ತನಿಖಾ ವಿಭಾಗವದು. ಮಫ್ತಿಯಲ್ಲಿ ಬರುವ ಪೊಲೀಸ್ ಎಂದರೆ ಸಿ.ಐ.ಡಿ. ಎಂದು ಹಳ್ಳಿಯವರೂ ಹೇಳುತ್ತಿದ್ದರು, ಮನೆಯಲ್ಲಿ ಯಾರಾದರೂ ಕೆದಕಿ ಕೆದಕಿ ಪ್ರಶ್ನೆ ಕೇಳಿದರೆ “ನೀನೇನು ಸಿ.ಐ.ಡಿ.ಯೋ?” ಎಂದು ಗದರುವುದು ಇವತ್ತಿಗೂ ಇದೆ. 1956ರಲ್ಲಿ ದೇವ್ ಆನಂದ್ ಅವರ ಹಿಂದಿ ಚಿತ್ರ ಅದೇ ಮೂರಕ್ಷರವನ್ನು ಹೆಸರಾಗಿಸಿಕೊಂಡು ಬಂದಿತ್ತು. ಇತ್ತ ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದ. ದೊರೈ–ಭಗವಾನ್ ಅವರು ಬಾಂಡ್‌ನ ಕೋಟು, ಪಿಸ್ತೂಲು, ಮೂರಂಕಿಯ ಗುರುತು ಇವನ್ನು ಹೊರಗಿನಿಂದ ತಂದರು. ಒಳಗೆ ನಿಲ್ಲಿಸಿದ್ದು ನಮ್ಮ ಪತ್ತೇದಾರನನ್ನೇ. ಆದ್ದರಿಂದ ಹುಡುಗನಿಗೆ ಧೈರ್ಯವಾಗಿ ಹೇಳಿ: ಅವರು ಪೊಲೀಸರೇ, ಆದರೆ ಗೂಢಚಾರನ ಉಡುಪು ಹೊಲಿಸಿಕೊಂಡ ಪೊಲೀಸರು.

ಇನ್ನು ಬೇರೆ ದೇಶಗಳಿಗೆ ಹೋಗುವ ಮಾತು. ಬಾಂಡ್‌ನ ಮೊದಲ ಐದು ಚಿತ್ರಗಳ ಹೊತ್ತಿಗೆ ಪ್ರೇಕ್ಷಕ ಜಮೈಕಾ, ಇಸ್ತಾಂಬುಲ್, ಬಹಾಮಾಸ್, ಜಪಾನ್ ಸುತ್ತಿ ಬಂದಿದ್ದ. ನಮ್ಮಲ್ಲಿ 1966ರ ಜೂನ್‌ನಲ್ಲಿ ರೂಪಾಯಿಯನ್ನು ಅಪಮೌಲ್ಯ ಮಾಡಿ, ಡಾಲರಿಗೆ 4.76 ಇದ್ದದ್ದನ್ನು 7.50ಕ್ಕೆ ಇಳಿಸಿದ್ದರು. ವಿದೇಶೀ ವಿನಿಮಯವನ್ನು ಸರ್ಕಾರ ಚಿಟಿಕೆ ಲೆಕ್ಕದಲ್ಲಿ ಕೊಡುತ್ತಿದ್ದ ಕಾಲದಲ್ಲಿ ಕಪ್ಪು ಬಿಳುಪಿನ ಕನ್ನಡ ಚಿತ್ರವೊಂದು ತನ್ನ ತಂಡವನ್ನು ವಿದೇಶಕ್ಕೆ ಕರೆದೊಯ್ಯುವುದು ಆಗದ ಮಾತು. ಆಗ ಕೈಗೆಟುಕಿದ ವಿದೇಶ ಗೋವಾ. ಪೋರ್ಚುಗೀಸರ ನಾನೂರೈವತ್ತು ವರ್ಷಗಳ ಆಳ್ವಿಕೆ ಮುಗಿದದ್ದು 1961ರ ಡಿಸೆಂಬರ್‌ನಲ್ಲಿ. ಚಿತ್ರ ಬಂದಾಗ ಇನ್ನೂ ಏಳು ವರ್ಷವಾಗಿತ್ತಷ್ಟೇ. ಮೈಸೂರು ರಾಜ್ಯದ ಪ್ರೇಕ್ಷಕನಿಗೆ ಕಾರವಾರದ ಗಡಿ ದಾಟಿದರೆ ಬೇರೆ ಮಾತು, ಬೇರೆ ಊಟ, ಇಗರ್ಜಿಯ ಬಿಳಿ ಗೋಡೆ, ರಾಜಾರೋಷವಾಗಿ ಮಾರುವ ಮದ್ಯ. ಪಾಸ್‌ಪೋರ್ಟ್ ಇಲ್ಲದೆ ಹೋಗಬಹುದಾದ ಪರದೇಶವೆಂದು ಅದನ್ನು ಆರಿಸಿಕೊಂಡದ್ದರಲ್ಲಿ ಒಂದು ಜಾಣತನವಿದೆ. ನಟಿ ಲಕ್ಷ್ಮಿ ಅವರು ಕನ್ನಡಕ್ಕೆ ಬಂದದ್ದೂ ಆ ಚಿತ್ರದ ಮೂಲಕವೇ.


ಅಕ್ಕಸಾಲಿಯ ಮಗ:

ಹಳೆಯ ರೀಲು ಅವರು ಇಲಾಖೆಯ ವಿಷಯವನ್ನು ಚೆನ್ನಾಗಿ ಬಿಡಿಸಿದ್ದಾರೆ. ನಾನು ಖಳನಾಯಕನ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ಏಕೆಂದರೆ ‘ಜೇಡರ ಬಲೆ’ಯಲ್ಲಿ ಎಲ್ಲರೂ ಹಿಂದೆ ಬಿದ್ದಿರುವ ವಸ್ತು ನಮ್ಮ ಮನೆತನದ ಕಸುಬಿಗೆ ಸೇರಿದ್ದು. ಯಾವುದೇ ಲೋಹವನ್ನು ಚಿನ್ನವಾಗಿಸುವ ಒಂದು ಸೂತ್ರ ಅದು.

ಇಂದು ನೋಡಿದರೆ ಇದು ಮಕ್ಕಳ ಕಥೆಯಂತೆ ಕಾಣುತ್ತದೆ. ಆದರೆ ಆ ವರ್ಷಗಳಲ್ಲಿ ಚಿನ್ನವೆಂದರೆ ಏನಾಗಿತ್ತು ಎಂಬುದನ್ನು ನೆನೆದರೆ ಚಿತ್ರದ ಬಿಸಿ ತಿಳಿಯುತ್ತದೆ. ಚೀನಾ ಯುದ್ಧದ ಬೆನ್ನಿಗೇ, 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿಯವರು ಹಣಕಾಸು ಸಚಿವರಾಗಿದ್ದಾಗ ಚಿನ್ನದ ನಿಯಂತ್ರಣ ಬಂತು. 14 ಕ್ಯಾರೆಟ್‌ಗಿಂತ ಹೆಚ್ಚಿನ ಪರಿಶುದ್ಧತೆಯ ಹೊಸ ಒಡವೆ ಮಾಡುವಂತಿಲ್ಲವೆಂದು ನಿಯಮವಾಯಿತು. ನಮ್ಮ ತಂದೆಯವರು ಆಗ ತಾತನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹುಡುಗ. 14 ಕ್ಯಾರೆಟ್ ಚಿನ್ನವನ್ನು ತಗಡು ಬಡಿಯಲು ಹೋದರೆ ಅಂಚು ಬಿರಿಯುತ್ತಿತ್ತು, ಬಣ್ಣ ಹಿತ್ತಾಳೆಯ ಕಡೆಗೆ ತಿರುಗುತ್ತಿತ್ತು, ಮಾಂಗಲ್ಯಕ್ಕೆ ಅದನ್ನು ಕೊಳ್ಳಲು ಯಾವ ತಾಯಿಯೂ ಒಪ್ಪುತ್ತಿರಲಿಲ್ಲ ಎಂದು ಅವರು ಕೊನೆಯವರೆಗೂ ಹೇಳುತ್ತಿದ್ದರು. ಕುಲುಮೆಯ ಮುಂದೆ ತಾತ ದಿನವಿಡೀ ಊದುಗೊಳವೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುತ್ತಿದ್ದರಂತೆ. ದೇಶದಾದ್ಯಂತ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. 14 ಕ್ಯಾರೆಟ್‌ನ ಮಿತಿ ಮೂರ್ನಾಲ್ಕು ವರ್ಷಗಳಲ್ಲಿ ಹೋಯಿತು, ನಿಯಂತ್ರಣ ಹೋಗಲಿಲ್ಲ. 1968ರಲ್ಲಿ, ಮತ್ತೆ ಅದೇ ವರ್ಷ ನೋಡಿ, ಚಿನ್ನದ ನಿಯಂತ್ರಣ ಕಾಯ್ದೆಯೇ ಬಂತು. ಸಾಮಾನ್ಯ ಮನುಷ್ಯ ಗಟ್ಟಿ ಚಿನ್ನವನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧವಾಯಿತು.

ಹೊರಗಿನ ಬೆಲೆಗೂ ಒಳಗಿನ ಬೆಲೆಗೂ ಇಷ್ಟು ದೊಡ್ಡ ಅಂತರವಿದ್ದಾಗ ಸಮುದ್ರದಿಂದ ಚಿನ್ನದ ಬಿಸ್ಕತ್ತು ಬರುವುದು ಸಹಜ. ಕಳ್ಳಸಾಗಣೆದಾರ ಎಂಬ ಪದ ದಿನಪತ್ರಿಕೆಯ ಪದವಾಯಿತು. ಪ್ರೇಕ್ಷಕನ ಕಣ್ಣಿಗೆ ದೇಶದ್ರೋಹಿಯೆಂದರೆ ರಷ್ಯಾದ ಬೇಹುಗಾರನಲ್ಲ, ರಾತ್ರಿ ದೋಣಿಯಲ್ಲಿ ಚಿನ್ನ ಇಳಿಸುವವನು. 999 ಹಿಡಿಯುವುದು ಕಳ್ಳರನ್ನೇ ಎಂಬ ಹುಡುಗನ ಮಾತು ನಿಜ, ಆದರೆ ಆ ಕಾಲದ ಲೆಕ್ಕದಲ್ಲಿ ಆ ಕಳ್ಳರೇ ದೇಶದ ಶತ್ರುಗಳು.

ಬಾಂಡ್‌ನ 1964ರ ‘ಗೋಲ್ಡ್‌ಫಿಂಗರ್’ ಚಿತ್ರದ ಖಳನನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಮೆರಿಕದ ಫೋರ್ಟ್ ನಾಕ್ಸ್‌ನಲ್ಲಿ ಸರ್ಕಾರ ಕೂಡಿಟ್ಟಿರುವ ಚಿನ್ನವನ್ನು ಅವನು ಕದಿಯಲು ಹೋಗುವುದಿಲ್ಲ. ವಿಕಿರಣದಿಂದ ಅದನ್ನು ಮುಟ್ಟಲಾಗದಂತೆ ಕೆಡಿಸಿ, ತನ್ನ ಬಳಿಯಿರುವ ಚಿನ್ನದ ಬೆಲೆ ಏರಿಸುವುದು ಅವನ ಸಂಚು. ಚಿನ್ನ ತುಂಬಿ ತುಳುಕುವ ದೇಶದ ಖಳ ಇದ್ದ ಚಿನ್ನವನ್ನು ಹಾಳುಮಾಡಲು ನೋಡುತ್ತಾನೆ, ಚಿನ್ನಕ್ಕೆ ಬರ ಬಿದ್ದ ದೇಶದ ಖಳ ಇಲ್ಲದ ಚಿನ್ನವನ್ನು ಹುಟ್ಟಿಸಲು ನೋಡುತ್ತಾನೆ. ಬೆಂಗಳೂರಿನಿಂದ ನೂರು ಕಿಲೋಮೀಟರ್ ದೂರದ ಕೋಲಾರದಲ್ಲಿ ನೆಲದಿಂದ ಚಿನ್ನ ತೆಗೆಯುತ್ತಿದ್ದರೂ ನಮ್ಮ ಬೀದಿಯ ಕುಲುಮೆಗಳು ಆರಿದ್ದವು ಎಂಬುದನ್ನು ನೆನೆದಾಗ, ಆ ಸೂತ್ರದ ಕಥೆ ನನಗೆ ಅಷ್ಟೇನೂ ಬಾಲಿಶವಾಗಿ ಕಾಣುವುದಿಲ್ಲ.


ಸಂಪಿಗೆ ರಸ್ತೆ:

ಮೇಲಿನ ಇಬ್ಬರ ಬರಹವನ್ನೂ ಆಸಕ್ತಿಯಿಂದ ಓದಿದೆ. ಆದರೂ ಒಂದು ತಕರಾರಿದೆ. ದಯವಿಟ್ಟು ತಪ್ಪು ತಿಳಿಯಬೇಡಿ. ನಮ್ಮದೆಂಬ ಅಭಿಮಾನದಲ್ಲಿ ನಾವು ನಕಲನ್ನು ನಕಲೆಂದು ಹೇಳಲು ಹಿಂಜರಿಯುತ್ತಿದ್ದೇವೆಯೇ? ಆ ವರ್ಷಗಳಲ್ಲಿ ಭಾರತದ ತುಂಬ ಬಾಂಡ್‌ನ ಗಾಳಿ ಬೀಸಿತ್ತು. ತೆಲುಗಿನಲ್ಲಿ ಕೃಷ್ಣ ಅವರ ‘ಗೂಢಚಾರಿ 116’ 1966ರಲ್ಲೇ ಬಂತು. ಅದನ್ನೇ ಹಿಂದಿಗೆ ತಂದು ಮರುವರ್ಷ ಜಿತೇಂದ್ರ ಅವರ ‘ಫರ್ಜ್’ ಆಯಿತು. ತಮಿಳಿನಲ್ಲಿ ಜೈಶಂಕರ್ ಅವರಿಗೆ ದಕ್ಷಿಣದ ಜೇಮ್ಸ್ ಬಾಂಡ್ ಎಂಬ ಬಿರುದೇ ಅಂಟಿಕೊಂಡಿತು. ಮಲಯಾಳದಲ್ಲಿ 1971ರಲ್ಲಿ ಪ್ರೇಮ್ ನಜೀರ್ ಅವರು ‘ಸಿ.ಐ.ಡಿ. ನಜೀರ್’ ಆದರು. ಕನ್ನಡದ 999 ಈ ಸಾಲಿನಲ್ಲಿ ಒಬ್ಬ, ಮೊದಲಿಗನೂ ಅಲ್ಲ.

ಬೆಂಗಳೂರಿನಲ್ಲಿದ್ದವರಿಗೆ ಇನ್ನೊಂದು ಸಂಗತಿ ನೆನಪಿರುತ್ತದೆ. ಇಂಗ್ಲಿಷ್ ಚಿತ್ರಗಳು ಓಡುತ್ತಿದ್ದುದು ದಂಡಿನ ಕಡೆಯ ಪ್ಲಾಜಾ, ರೆಕ್ಸ್‌ನಂಥ ಥಿಯೇಟರುಗಳಲ್ಲಿ. ಕನ್ನಡ ಚಿತ್ರಗಳಿಗೆ ಮೆಜೆಸ್ಟಿಕ್ ಸುತ್ತಿನ ಕೆಂಪೇಗೌಡ ರಸ್ತೆ. ಎರಡರ ನಡುವೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಾದರೂ, ಪ್ಲಾಜಾದ ಬಾಗಿಲು ದಾಟಿ ಇಂಗ್ಲಿಷ್ ಸಂಭಾಷಣೆ ಅರ್ಥಮಾಡಿಕೊಳ್ಳಬಲ್ಲವರು ಎಷ್ಟು ಮಂದಿ? ಬಾಂಡ್‌ನನ್ನು ದಂಡಿನಿಂದ ಪೇಟೆಗೆ ಕರೆತರುವ ಕೆಲಸವನ್ನು ಈ ಚಿತ್ರಗಳು ಮಾಡಿದವು ಎಂದರೆ ಸಾಕು, ಅದಕ್ಕಿಂತ ದೊಡ್ಡ ಹೊರೆಯನ್ನು ಅವುಗಳ ಮೇಲೆ ಹೊರಿಸಬೇಕಾಗಿಲ್ಲ ಎಂದು ನನಗನಿಸುತ್ತದೆ.

ಒಂದು ವಿಷಯದಲ್ಲಿ ಮಾತ್ರ 999 ಬೇರೆಯೇ ಎಂದು ಒಪ್ಪುತ್ತೇನೆ. ಬಾಂಡ್ ಎಂದರೆ ಕೈಯಲ್ಲಿ ಗ್ಲಾಸು, ತುಟಿಯಲ್ಲಿ ಸಿಗರೇಟು, ಚಿತ್ರಕ್ಕೊಬ್ಬಳಲ್ಲ, ಇಬ್ಬರು ಮೂವರು ಹೆಂಗಸರು. ರಾಜಕುಮಾರ್ ಅವರು ತೆರೆಯ ಮೇಲೆ ಕುಡಿತ ಮತ್ತು ಧೂಮಪಾನವನ್ನು ಸಾಮಾನ್ಯವಾಗಿ ದೂರವಿಟ್ಟವರು. ಆ ಮೂರನ್ನೂ ತೆಗೆದ ಮೇಲೆ ಬಾಂಡ್‌ನಲ್ಲಿ ಉಳಿಯುವುದಾದರೂ ಏನು? ಸಾರಿನಿಂದ ಹುಳಿ, ಖಾರ, ಉಪ್ಪು ತೆಗೆದ ಹಾಗಲ್ಲವೇ?


ಟೆಂಟಿನ ನೆಲ:

ಸಂಪಿಗೆ ರಸ್ತೆಯವರೇ, ತಮ್ಮ ಕೊನೆಯ ಪ್ರಶ್ನೆಗೆ ನಮ್ಮಜ್ಜಿ ಸುಮಾರು ಐವತ್ತೈದು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದ್ದರು.

ನಮ್ಮೂರಿಗೆ ಬರುತ್ತಿದ್ದುದು ಟೂರಿಂಗ್ ಟಾಕೀಸು. ಸಂಜೆ ಧ್ವನಿವರ್ಧಕದಲ್ಲಿ ‘ನಮೋ ವೆಂಕಟೇಶ’ ಹಾಡು ಕೇಳಿಬಂದರೆ ಟಿಕೆಟ್ ಕೊಡಲು ಶುರುಮಾಡಿದರೆಂದು ಅರ್ಥ. ಒಲೆಯ ಮೇಲಿನ ಮುದ್ದೆ ಇಳಿಸಿ ಓಡುತ್ತಿದ್ದೆವು. ನೆಲದ ಟಿಕೆಟ್ಟಿನವರಿಗೆ ಮರಳೇ ಆಸನ. ಮುಂದಿನವರ ತಲೆ ಅಡ್ಡ ಬಂದರೆ ಮರಳನ್ನು ಗುಡ್ಡೆ ಮಾಡಿ ಎತ್ತರ ಮಾಡಿಕೊಳ್ಳುತ್ತಿದ್ದೆವು, ಹಿಂದಿನವರು ಬೈಯುತ್ತಿದ್ದರು. ಪ್ರೊಜೆಕ್ಟರು ಒಂದೇ ಇದ್ದುದರಿಂದ ರೀಲು ಮುಗಿದಾಗಲೆಲ್ಲ ದೀಪ ಹತ್ತುತ್ತಿತ್ತು. 999 ಶತ್ರುಗಳ ಬಲೆಗೆ ಬಿದ್ದ ಹೊತ್ತಿಗೆ ಸರಿಯಾಗಿ ರೀಲು ಮುಗಿದು, ಮುಂದಿನದನ್ನು ಹಾಕುವವರೆಗೆ ನಾವು ಮಕ್ಕಳು ಉಗುರು ಕಚ್ಚುತ್ತ ಕುಳಿತದ್ದು ನನಗೆ ಚೆನ್ನಾಗಿ ನೆನಪಿದೆ. ಯಾವ ನಿರ್ದೇಶಕನೂ ಅಷ್ಟು ಕುತೂಹಲ ಹುಟ್ಟಿಸಲಾರ.

ಅದೇ ಟೆಂಟಿನಲ್ಲಿ ಅದಕ್ಕೆ ಕೆಲವು ವಾರಗಳ ಮೊದಲು ‘ಮಂತ್ರಾಲಯ ಮಹಾತ್ಮೆ’ ಬಂದಿತ್ತು. 1966ರ ಚಿತ್ರ, ನಮ್ಮೂರಿಗೆ ತಡವಾಗಿ ಬಂತು. ರಾಜಕುಮಾರ್ ಅವರು ರಾಘವೇಂದ್ರ ಸ್ವಾಮಿಗಳಾಗಿ ತೆರೆಯ ಮೇಲೆ ಬಂದಾಗ ಅಜ್ಜಿ ಮರಳಿನ ಮೇಲೆಯೇ ಹಣೆ ಹಚ್ಚಿದ್ದರು. ಈಗ ಅದೇ ಮನುಷ್ಯ ಕೋಟು ಹಾಕಿಕೊಂಡು, ಪಿಸ್ತೂಲು ಹಿಡಿದು, ನೃತ್ಯ ನಡೆಯುವ ಹೋಟೆಲಿನೊಳಗೆ ಕಾಲಿಟ್ಟಾಗ ನನ್ನ ಚಿಕ್ಕಪ್ಪ, “ನೋಡಮ್ಮ, ನಿನ್ನ ರಾಯರು ಎಲ್ಲಿಗೆ ಬಂದರು!” ಎಂದು ಕೆಣಕಿದರು. ಅಜ್ಜಿ ತಲೆಯೂ ತಿರುಗಿಸದೆ, “ಕೋಟು ಹಾಕಿಕೊಂಡರೂ ರಾಯರು ರಾಯರೇ. ಅಲ್ಲಿ ಏನೂ ಮುಟ್ಟೋದಿಲ್ಲ ನೋಡ್ತಿರು” ಎಂದರು. ಚಿತ್ರ ಮುಗಿಯುವವರೆಗೂ ಅವರು ಕಥೆಗಿಂತ ಹೆಚ್ಚಾಗಿ ಅದನ್ನೇ ಕಾವಲು ಕಾಯುತ್ತಿದ್ದರು.

ತಾವು ಹುಳಿ ಖಾರ ತೆಗೆದದ್ದು ಎಂದು ಕರೆದಿರುವುದು ಕೊರತೆಯಲ್ಲ, ಅದೇ ಇಲ್ಲಿಯ ರುಚಿ ಎಂದು ಹೇಳಲು ಇಷ್ಟು ಬರೆದೆ. ಬಾಂಡ್ ಸಾಯುವನೋ ಬದುಕುವನೋ ಎಂಬುದು ಅಲ್ಲಿನ ಆತಂಕ. ಇಂಥ ಜಾಗಕ್ಕೆ ಹೋದ ನಮ್ಮವರು ಕೆಡದೆ ಬರುವರೋ ಎಂಬುದು ನಮ್ಮ ಟೆಂಟಿನ ಆತಂಕವಾಗಿತ್ತು. ಜೊತೆಗೆ ನರಸಿಂಹರಾಜು ಅವರಿದ್ದರು. ಬಾಂಡ್‌ನಿಗೆ ಬೆನ್ನ ಹಿಂದೆ ಹಾಸ್ಯಗಾರನಿರುವುದಿಲ್ಲ. ಕಂಪನಿ ನಾಟಕದ ನಾಯಕನಿಗೆ ಇರಲೇಬೇಕು. ರಾಜಕುಮಾರ್ ಮತ್ತು ನರಸಿಂಹರಾಜು ಇಬ್ಬರೂ ಗುಬ್ಬಿ ಕಂಪನಿಯಲ್ಲಿ ಪಳಗಿ, 1954ರ ‘ಬೇಡರ ಕಣ್ಣಪ್ಪ’ದಲ್ಲಿ ಒಟ್ಟಿಗೇ ತೆರೆಗೆ ಬಂದವರು. ಸೂಟಿನ ಒಳಗೆ ಗುಬ್ಬಿ ವೀರಣ್ಣನವರ ರಂಗಸ್ಥಳವೇ ಇತ್ತು.


ಕೆರೆಯಂಗಳ:

ಎಲ್ಲರಿಗೂ ಕೃತಜ್ಞತೆಗಳು. ಅಜ್ಜಿಯವರ ಮಾತನ್ನು ಹುಡುಗನಿಗೆ ಓದಿ ಹೇಳಿದೆ. ಈ ಬಾರಿ ನಕ್ಕ. ಅವನ ಎರಡನೆಯ ಪ್ರಶ್ನೆ ಹೀಗಿದೆ: ಎರಡು ವರ್ಷದಲ್ಲಿ ಮೂರು ಚಿತ್ರ ಮಾಡಿದವರು ನಾಲ್ಕನೆಯದಕ್ಕೆ ಒಂಬತ್ತು ವರ್ಷ ಕಾದದ್ದೇಕೆ, ಆಮೇಲೆ ನಿಲ್ಲಿಸಿದ್ದೇಕೆ? ಬಾಂಡ್ ಮಾತ್ರ ಆರು ನಟರನ್ನು ಬದಲಿಸಿಕೊಂಡು ನಡೆಯುತ್ತಲೇ ಬಂದನಲ್ಲ?


ಹಳೆಯ ರೀಲು:

ಕಾರಣವನ್ನು ಅವರೇ ಹೇಳಿದ್ದನ್ನು ನಾನು ಓದಿಲ್ಲ. ಚಿತ್ರಗಳ ಪಟ್ಟಿ ಏನು ಹೇಳುತ್ತದೆಯೋ ಅದನ್ನು ಬರೆಯುತ್ತೇನೆ. ಆ ಒಂಬತ್ತು ವರ್ಷಗಳಲ್ಲಿ ಇವರೆಲ್ಲರೂ ಬೇರೆಯ ಎತ್ತರಕ್ಕೆ ಹೋದರು. ದೊರೈ–ಭಗವಾನ್ ಅವರು 1971ರಲ್ಲಿ ‘ಕಸ್ತೂರಿ ನಿವಾಸ’ ಮಾಡಿದರು. 1974ರಲ್ಲಿ ವಾಣಿಯವರ ಕಾದಂಬರಿಯಿಂದ ‘ಎರಡು ಕನಸು’, 1976ರಲ್ಲಿ ಭಾರತೀಸುತರ ಕಾದಂಬರಿಯಿಂದ ‘ಬಯಲು ದಾರಿ’. ಪಿಸ್ತೂಲಿನಿಂದ ಶುರುಮಾಡಿದ ಜೋಡಿ ಹೆಸರು ಮಾಡಿದ್ದು ಕಾದಂಬರಿಯ ಸಂಸಾರಗಳಿಂದ. ರಾಜಕುಮಾರ್ ಅವರು 1972ರ ‘ಬಂಗಾರದ ಮನುಷ್ಯ’ದ ನಂತರ ನಾಡಿನ ಮನೆಮನೆಯ ಹಿರಿಯಣ್ಣನಾದರು. ರಾಜ್ಯದ ಹೆಸರೂ ಮೈಸೂರು ಹೋಗಿ ಕರ್ನಾಟಕವಾಯಿತು. ‘ಜಾಕ್‌ಪಾಟ್‌’ನಲ್ಲಿ ಮೊದಲ ಬಾರಿ ನಾಯಕಿಯಾಗಿದ್ದ ರೇಖಾ ಅಷ್ಟು ಹೊತ್ತಿಗೆ ಹಿಂದಿಯಲ್ಲಿ ದೊಡ್ಡ ತಾರೆ.

1978ರಲ್ಲಿ 999 ಹಿಂದಿರುಗಿದಾಗ ಬಣ್ಣ ಬಂದಿತ್ತು, ದನಿಯೂ ಬದಲಾಗಿತ್ತು. ಮೊದಲ ಚಿತ್ರಗಳ ಕಾಲದಲ್ಲಿ ರಾಜಕುಮಾರ್ ಅವರ ಹಾಡುಗಳಿಗೆ ಪಿ.ಬಿ. ಶ್ರೀನಿವಾಸ್ ಅವರ ಕಂಠ. 1974ರ ‘ಸಂಪತ್ತಿಗೆ ಸವಾಲ್’ ನಂತರ ಅವರದೇ ಕಂಠ. ಜಿ.ಕೆ. ವೆಂಕಟೇಶ್ ಅವರ ಸಂಗೀತದಲ್ಲಿ ಅವರು ಹಾಡಿದ ‘ಇಫ್ ಯು ಕಮ್ ಟುಡೇ’ ಎಂಬ ಇಂಗ್ಲಿಷ್ ಹಾಡು ಮೂರು ದಶಕಗಳ ನಂತರ ಅಂತರಜಾಲದಲ್ಲಿ ಹರಿದಾಡಿ, ಕನ್ನಡ ಬಾರದವರಿಗೂ ಪರಿಚಯವಾಯಿತು. ಅವರಲ್ಲಿ ಹಲವರು ಅದನ್ನು ತಮಾಷೆಗೆ ಹಂಚಿಕೊಂಡರು. ಹೈಸ್ಕೂಲಿನ ಮೆಟ್ಟಿಲು ಹತ್ತದ, ನಲವತ್ತೊಂಬತ್ತರ ಗಾಯಕ ಆ ಭಾಷೆಯಲ್ಲಿ ತಾಳ ತಪ್ಪದೆ ಹಾಡಿದ್ದನ್ನು ನಾನು ಇನ್ನೂ ಕಿವಿಗೊಟ್ಟು ಕೇಳುತ್ತೇನೆ.

ನಟರ ಬದಲಾವಣೆಯ ಮಾತಿಗೆ ಬಂದರೆ, ಶಾನ್ ಕಾನರಿ 1967ರ ಚಿತ್ರದ ನಂತರ ಹೊರಟಾಗ ನಿರ್ಮಾಪಕರು 1969ಕ್ಕೆ ಜಾರ್ಜ್ ಲೇಜನ್‌ಬಿಯನ್ನು ತಂದರು, ಸಂಖ್ಯೆ ಮುಂದುವರಿಯಿತು. ಅಲ್ಲಿ ಸಂಖ್ಯೆಯೇ ಆಸ್ತಿ, ನಟ ಅದರ ಗೇಣಿದಾರ. ಇಲ್ಲಿ ಸಂಖ್ಯೆ ರಾಜಕುಮಾರ್ ಅವರ ಕೋಟಿನ ಗುಂಡಿಯಂತಿತ್ತು. ಕೋಟು ಕಳಚಿದ ಮೇಲೆ ಗುಂಡಿಯನ್ನು ಇನ್ನೊಬ್ಬರ ಅಂಗಿಗೆ ಹೊಲಿಯುವ ಯೋಚನೆ ಯಾರಿಗೂ ಬಂದಂತಿಲ್ಲ.


ಸಂಪಿಗೆ ರಸ್ತೆ:

ಗೇಣಿದಾರನ ಹೋಲಿಕೆಯನ್ನು ಒಪ್ಪಿದೆ. ನಕಲು ಎಂಬ ನನ್ನ ಮಾತನ್ನು ಪೂರ್ತಿ ಹಿಂದಕ್ಕೆ ಪಡೆಯುವುದಿಲ್ಲವಾದರೂ, ಟೆಂಟಿನ ನೆಲ ಅವರ ಅಜ್ಜಿಯವರ ಮುಂದೆ ಅದನ್ನು ಹೇಳುವ ಧೈರ್ಯ ನನಗಿಲ್ಲ.


ಅಕ್ಕಸಾಲಿಯ ಮಗ:

ಇನ್ನೊಂದು ಸಂಗತಿ ಬರೆಯುವುದು ಮರೆತಿದ್ದೆ. ಚಿನ್ನದ ನಿಯಂತ್ರಣ ಕಾಯ್ದೆಯನ್ನು 1990ರಲ್ಲಿ ರದ್ದು ಮಾಡಿದರು. ದೋಣಿಯಲ್ಲಿ ಬಿಸ್ಕತ್ತು ತರುವ ಹಳೆಯ ಖಳನಾಯಕನ ಕಸುಬಿಗೂ ಅಲ್ಲಿಂದ ಕುತ್ತು ಬಂತು. ನಮ್ಮ ತಂದೆಯವರ ಬಳಿ ‘ಜೇಡರ ಬಲೆ’ಯ ಬಗ್ಗೆ ಒಂದು ಜೋಕು ಇತ್ತು. ಅಪ್ಪಟ ಚಿನ್ನದ ಗಟ್ಟಿಯ ಮೇಲೆ ಪರಿಶುದ್ಧತೆಗೆ ಒತ್ತುವ ಅಂಕಿ 999, 14 ಕ್ಯಾರೆಟ್‌ಗೆ 585. “ದೇಸಾಯಿಯವರ 14 ಕ್ಯಾರೆಟ್ ನಿಯಮದ ಕಾಲದಲ್ಲಿ ಈ ಚಿತ್ರ ತೆಗೆದಿದ್ದರೆ ರಾಜಕುಮಾರ್ ಸಿ.ಐ.ಡಿ. 585 ಆಗಬೇಕಿತ್ತು” ಎನ್ನುತ್ತಿದ್ದರು. ಪಾತ್ರಕ್ಕೆ ಆ ಸಂಖ್ಯೆ ಬಂದದ್ದಕ್ಕೂ ಗಟ್ಟಿಯ ಮುದ್ರೆಗೂ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ನಮ್ಮ ಅಂಗಡಿಯ ಮಾತು, ಅಷ್ಟೇ.